ಐದರಿಂದ ಒಂಬತ್ತು

೪ ಫೆಬ್ರವರಿ ೧೯೯೬

ಇಲಿಮರಿಗೆ ಅಪ್ಪನ ಆಶೀರ್ವಾದ.

ಲಕೋಟೆ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಗಟ್ಟಿಯಾಗಿಯೇ ಇದ್ದೇನೆ. ನಿನ್ನ ಸೋದರತ್ತೆ ತೀರಿಕೊಂಡಾಗ ನಾವಿಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವಲ್ಲ, ಅದಾಗಿ ಎರಡು ವರ್ಷವಾಯಿತು. ಆಮೇಲೆ ಹೊಸ ವರ್ಷಕ್ಕೊಂದು ಕಾರ್ಡು ಬಿಟ್ಟರೆ ಮಾತಿಲ್ಲ. ತಪ್ಪು ನಿನ್ನದಲ್ಲ. ನಾನು ಪತ್ರದ ವಿಷಯದಲ್ಲಿ ಸೋಮಾರಿ. ಮುಂಜಾನೆ ಕೂರುವ ನಾಲ್ಕು ತಾಸಿನಲ್ಲೇ ಇರುವ ಮಾತೆಲ್ಲ ಖರ್ಚಾಗಿಬಿಡುತ್ತದೆ.

ಈಗ ಒಂದು ಕೆಲಸ ಬಿದ್ದಿದೆ. ಏಪ್ರಿಲ್ ಇಪ್ಪತ್ತೊಂದಕ್ಕೆ ಹೊಸ ಬರಹಗಾರರ ಶಿಬಿರವಂತೆ. ಅಲ್ಲಿ ಒಂದು ಗಂಟೆ ಮಾತಾಡಬೇಕು. ವಿಷಯ, ಬರವಣಿಗೆಯಲ್ಲಿ ದಿನದ ಶಿಸ್ತು. ಕರೆಯಲು ಬಂದ ಹುಡುಗಿ, "ಸರ್, ನೀವು ಐವತ್ತು ವರ್ಷ ಒಂದು ದಿನವೂ ತಪ್ಪಿಸದೆ ಬರೆಯೋಕೆ ಕೂತಿದ್ದೀರಂತೆ, ಅದು ಹೇಗೆ?" ಅಂದಳು. "ಕುರ್ಚಿ ನನ್ನನ್ನ ಬಿಡಲಿಲ್ಲಮ್ಮ" ಅಂದೆ. ನಕ್ಕಳು. ಒಂದು ದಿನವೂ ಅನ್ನುವುದು ಸುಳ್ಳು. ನಾಲ್ಕು ದಿನ ತಪ್ಪಿದ್ದೆ. ಯಾವಾಗ ಅಂತ ನಿನಗೆ ಗೊತ್ತು.

ಎಪ್ಪತ್ತಮೂರಾಯಿತು. ಈಗಲೂ ಐದಕ್ಕೆ ಮೇಜಿನ ಮುಂದೆ ಇರುತ್ತೇನೆ. ಕೈ ನಡುಗುತ್ತದೆ, ಅಕ್ಷರ ದಾರಿ ತಪ್ಪಿದ ಇರುವೆಗಳ ಹಾಗೆ ಹೋಗುತ್ತವೆ, ಆದರೂ ಕೂರುತ್ತೇನೆ. ಆ ಮಕ್ಕಳಿಗೆ ಹೇಳಬೇಕೆಂದಿರುವುದು ಇಷ್ಟೇ: ಸ್ಫೂರ್ತಿ ಅನ್ನುವುದು ಹೇಳಿ ಕಳಿಸಿ ಬರುವ ನೆಂಟನಲ್ಲ, ಅದು ಬಂದಾಗ ನೀವು ಮನೆಯಲ್ಲಿರಬೇಕು. ನಕ್ಷೆ ಕಚೇರಿಯಲ್ಲಿ ಹತ್ತರಿಂದ ಐದರವರೆಗೆ ನಾನು ಬೇರೆಯವರ ಗೋಡೆಗಳನ್ನು ಎಳೆದೆ. ನನಗೆ ಅಂತ ಉಳಿದದ್ದು ಬೆಳಿಗ್ಗೆ ಐದರಿಂದ ಒಂಬತ್ತು. ಅಷ್ಟರಲ್ಲೇ ಹನ್ನೊಂದು ಪುಸ್ತಕ.

ಬಾಗಿಲ ಒಳಗೆ ಏನಾಗುತ್ತಿತ್ತು ಅಂತ ನನಗೆ ಗೊತ್ತು. ಹೊರಗೆ ಹೇಗಿತ್ತು ಅಂತ ಹೇಳಬಲ್ಲವಳು ಈಗ ನೀನೊಬ್ಬಳೇ. ಆ ಬೆಳಗುಗಳ ಬಗ್ಗೆ ನಾಲ್ಕು ಸಾಲು ಬರೆದು ಕಳಿಸು. ಭಾಷಣಕ್ಕೆ ಜೀವ ಬರುತ್ತದೆ.

ಅಳಿಯನಿಗೂ ಮೊಮ್ಮಗಳಿಗೂ ನನ್ನ ನೆನಪು ಹೇಳು.

ಅಪ್ಪ


೧೯ ಫೆಬ್ರವರಿ ೧೯೯೬

ಅಪ್ಪನಿಗೆ ನಮಸ್ಕಾರ.

ಕಾಗದ ಬಂದು ಹತ್ತು ದಿನವಾಯಿತು. ಈ ತಿಂಗಳು ಎಮರ್ಜೆನ್ಸಿ ವಾರ್ಡಿನಲ್ಲಿ ನನ್ನದು ಬೆಳಗಿನ ಪಾಳಿ. ಮನೆ ಸೇರುವಷ್ಟರಲ್ಲಿ ಕಾಲು ನನ್ನವಲ್ಲ ಅನ್ನಿಸುತ್ತದೆ. ಅದಕ್ಕೇ ತಡ.

ಕೇಳಿದ್ದೀರಿ, ನೆನಪಿರುವುದನ್ನು ಬರೆಯುತ್ತೇನೆ.

ಅಮ್ಮ ಹಿಂದಿನ ಸಂಜೆಯೇ ನೀರು ತುಂಬಿಸಿಡುತ್ತಿದ್ದಳು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಕೊಳವೆ ಗೊರಗೊರ ಅನ್ನುತ್ತಿತ್ತು. ಪಾತ್ರೆ ಇಡುವ ಜಾಗದಲ್ಲಿ ಹಳೇ ಬಟ್ಟೆ ಮಡಿಸಿ ಹಾಸುತ್ತಿದ್ದಳು. ಭಾನುವಾರ ಎಲ್ಲ ಬಾಗಿಲುಗಳ ಕೀಲುಗಳಿಗೂ ಎಣ್ಣೆ. ಪೇಪರಿನವನು ಪೇಪರ್ ಎಸೆಯುವಂತಿಲ್ಲ, ಮೆಟ್ಟಿಲ ಮೇಲೆ ಇಟ್ಟು ಹೋಗಬೇಕು. ಕುಕ್ಕರ್ ಒಂಬತ್ತಾದ ಮೇಲೆ. ನಾನು ಪಾಠ ಓದಿಕೊಳ್ಳುವಾಗ ತುಟಿ ಮಾತ್ರ ಆಡಬೇಕು. ಕೆಮ್ಮು ಬಂದರೆ ದಿಂಬಿಗೆ. ಅಡಿಗೆಮನೆಯಿಂದ ನಿಮ್ಮ ಕೋಣೆಗೆ ಬರುವ ದಾರಿಯಲ್ಲಿ ಮೂರನೇ ಕಲ್ಲು ಅಲ್ಲಾಡುತ್ತಿತ್ತು, ಅದನ್ನು ದಾಟಿ ಕಾಲಿಡುವುದು ನಾಲ್ಕು ವರ್ಷಕ್ಕೇ ನನಗೆ ಬಂದಿತ್ತು. ಇಲಿಮರಿ ಅಂತ ನೀವು ಹೆಸರಿಟ್ಟದ್ದು ಅದಕ್ಕೇ.

ಒಂದು ಸಲ ಅಮ್ಮನನ್ನ ಕೇಳಿದ್ದೆ, "ಬಾಗಿಲು ಬಡಿದ್ರೆ ಏನಾಗುತ್ತೆ?" ಅಂತ. "ಅಪ್ಪನ ತಲೇಲಿ ಕೂತಿರೋ ಜನ ಎಲ್ಲಾ ಎದ್ದು ಹೋಗ್ಬಿಡ್ತಾರೆ" ಅಂದಳು. ತುಂಬಾ ವರ್ಷ ಅದನ್ನು ನಂಬಿದ್ದೆ.

ಇಷ್ಟೇ ನೆನಪು. ಮೊಮ್ಮಗಳು ಈಗ ಆರನೇ ಕ್ಲಾಸು. ನಮ್ಮ ಮನೆಯಲ್ಲಿ ಬಾಗಿಲುಗಳು ದಿನವಿಡೀ ಧಡಾರ್ ಅನ್ನುತ್ತಿರುತ್ತವೆ. ನಾನು ಏನೂ ಅನ್ನುವುದಿಲ್ಲ.

ನಿಮ್ಮ ಮಗಳು


೨೬ ಫೆಬ್ರವರಿ ೧೯೯೬

ಪ್ರೀತಿಯ ಇಲಿಮರಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮಡಿಸಿದ ಬಟ್ಟೆ, ಕೀಲಿಗೆ ಎಣ್ಣೆ, ಮೂರನೇ ಕಲ್ಲು. ನೀನು ಬರೆಯಬೇಕಾದವಳು, ಹೋಗಿ ಹೋಗಿ ಆಸ್ಪತ್ರೆ ಸೇರಿಕೊಂಡೆ. ಎಣ್ಣೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಆ ಬಾಗಿಲುಗಳೇ ಒಳ್ಳೆಯವು ಅಂದುಕೊಂಡಿದ್ದೆ.

ಎಂಥ ಒಗ್ಗಟ್ಟಿತ್ತು ನೋಡು ಆ ಮನೆಯಲ್ಲಿ. ಇದನ್ನೆಲ್ಲ ಶಿಬಿರದಲ್ಲಿ ಹೇಳುತ್ತೇನೆ. ಶಿಸ್ತು ಒಬ್ಬನದಲ್ಲ, ಮನೆಯದು ಅಂತ. ಕುರ್ಚಿಯಲ್ಲಿ ಕೂತವನು ನಾನು, ಕುರ್ಚಿ ಅಲ್ಲಾಡದ ಹಾಗೆ ಹಿಡಿದವಳು ನಿನ್ನ ಅಮ್ಮ. ಮೊಮ್ಮಗಳಿಗೆ ಬಾಗಿಲು ಮೆಲ್ಲಗೆ ಹಾಕುವುದನ್ನು ಕಲಿಸು. ಈಗ ಕಲಿಯದಿದ್ದರೆ ಆಮೇಲೆ ಕಷ್ಟ.

ಇನ್ನೊಂದು ವಿಷಯ. ಭಾಷಣದ ನಡುವಿನ ಭಾಗವನ್ನು ಬರೆದಿದ್ದೇನೆ. ಅದನ್ನು ಇಲ್ಲಿ ಎತ್ತಿ ಬರೆಯುತ್ತೇನೆ, ನೋಡಿ ಹೇಳು:

"ಸಾವಿರದ ಒಂಬೈನೂರ ಅರವತ್ತೇಳರ ಜೂನ್ ಒಂಬತ್ತು, ಶುಕ್ರವಾರ. ಅಂದು ಬೆಳಿಗ್ಗೆ ನನ್ನ ದೊಡ್ಡ ಕಾದಂಬರಿಯ ಕೊನೆಯ ಅಧ್ಯಾಯ ಮುಗಿಯಿತು. ಒಂಬತ್ತಕ್ಕೆ ಹಾಳೆಗಳನ್ನು ಹಿಡಿದು ಹೊರಗೆ ಬಂದೆ. ಅಡಿಗೆಮನೆಯಲ್ಲಿ ನನ್ನ ಹೆಂಡತಿ ನೆಲದ ಮೇಲೆ ಮಲಗಿದ್ದಳು. ಹೃದಯ ನಿಂತಿತ್ತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಗಿದ್ದಳು, ನೋವಿಲ್ಲದ ಸಾವು. ನಾನು ನಾಲ್ಕು ದಿನ ಪೆನ್ನು ಮುಟ್ಟಲಿಲ್ಲ. ಐದನೇ ದಿನ ಬೆಳಿಗ್ಗೆ ಐದಕ್ಕೆ ಮೇಜಿಗೆ ಮರಳಿದೆ. ಅವಳು ನನಗಾಗಿ ಕಾದಿಟ್ಟ ಹೊತ್ತನ್ನು ಹಾಳು ಮಾಡುವ ಹಕ್ಕು ನನಗಿರಲಿಲ್ಲ."

ಇದು ಸಭೆಯನ್ನು ಹಿಡಿದು ನಿಲ್ಲಿಸುತ್ತದೆ ಅನ್ನಿಸುತ್ತದೆ. ಅವತ್ತು ನೀನೂ ಮನೆಯಲ್ಲಿದ್ದೆ. ಹತ್ತು ವರ್ಷ ನಿನಗೆ. ಆ ಕ್ಷಣದ ಬಗ್ಗೆ ನಾನು ನಿನ್ನನ್ನು ಯಾವತ್ತೂ ಕೇಳಲಿಲ್ಲ. ನಾನು ಬರೆದದ್ದು ಸರಿ ತಾನೇ? "ಸರಿ" ಅಂತ ಒಂದು ಮಾತು ಬರೆದರೂ ಸಾಕು.

ಅಪ್ಪ


೧೭ ಮಾರ್ಚ್ ೧೯೯೬

ಇಲಿಮರಿ,

ಮೂರು ವಾರವಾಯಿತು. ಅಂಚೆಯವನು ನನ್ನನ್ನು ಕಂಡರೆ ಈಗ ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ, ಇಲ್ಲ ಅಂತ.

ಮಗುವಿಗೆ ಪರೀಕ್ಷೆ ಇರಬಹುದು, ನಿನಗೆ ಪಾಳಿ ಇರಬಹುದು. ನಾನು ಕೇಳಿದ್ದು ಒಂದೇ ಒಂದು ಮಾತು. ಕಾರ್ಡಿನಲ್ಲಿ ಬರೆದು ಹಾಕಬಹುದಿತ್ತು. ನನ್ನ ಕೆಲಸದ ಬಗ್ಗೆ ನಿನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ ಅಂತ ಗೊತ್ತು. ಆ ದೊಡ್ಡ ಕಾದಂಬರಿಗೆ ಬಹುಮಾನ ಬಂದಾಗ ನೀನು ಸಭೆಗೂ ಬರಲಿಲ್ಲ. ಅದನ್ನು ನಾನು ಎತ್ತಿ ಆಡಿದ್ದೇನೆಯೇ? ಇಲ್ಲ.

ಆದರೆ ಇದು ನನಗಾಗಿ ಅಲ್ಲ, ನಿನ್ನ ಅಮ್ಮನ ನೆನಪಿಗೆ. ಅವಳ ಬಗ್ಗೆ ನಾಲ್ಕು ಜನರ ಎದುರು ಒಳ್ಳೆಯ ಮಾತು ಆಡುವಾಗ ತಪ್ಪಾಗಬಾರದು. ಅದಕ್ಕಾಗಿಯಾದರೂ ಬರೆ.

ಅಪ್ಪ


೩೧ ಮಾರ್ಚ್ ೧೯೯೬

ಅಪ್ಪ,

"ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ" ಅನ್ನುವುದನ್ನು ತೆಗೆದುಬಿಡಿ. ಅದು ಹಾಗಾಗಲಿಲ್ಲ.

ಇದನ್ನು ನಿಮಗೆ ಯಾವತ್ತೂ ಹೇಳಬಾರದು ಅಂತ ಅತ್ತೆ ನನ್ನ ಹತ್ತಿರ ಮಾತು ತೆಗೆದುಕೊಂಡಿದ್ದಳು. "ನಿಮ್ಮಪ್ಪ ಒಡೆದು ಹೋಗ್ತಾನೆ ಕಣೆ, ಅವನಿಗೆ ಬೇರೆ ಏನೂ ಉಳಿದಿಲ್ಲ" ಅಂದಿದ್ದಳು. ಅತ್ತೆ ಇರುವವರೆಗೂ ಆ ಮಾತು ಉಳಿಸಿಕೊಂಡೆ. ಈಗಲೂ ಸುಮ್ಮನಿರೋಣ ಅಂತಲೇ ಐದು ವಾರ ನೋಡಿದೆ. "ಸರಿ" ಅಂತ ಒಂದು ಕಾರ್ಡೂ ಬರೆದೆ. ಅಂಚೆ ಡಬ್ಬದವರೆಗೂ ಹೋಗಿ ಹರಿದು ಹಾಕಿದೆ.

ಅಮ್ಮ ಬಿದ್ದದ್ದು ಆರೂವರೆಗೆ. ಬಿದ್ದಳು ಅಂದರೆ ಧೊಪ್ ಅಂತ ಅಲ್ಲ. ಒಲೆ ಆರಿಸಿ, ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತಳು, ಆಮೇಲೆ ಮಲಗಿದಳು. ಸದ್ದಾಗದ ಹಾಗೆ. ಎದೆ ಹಿಂಡಿದ ಹಾಗಾಗುತ್ತೆ, ಎಡಗೈ ಜೋಮು ಹಿಡಿದಿದೆ ಅಂದಳು. ಮೈಯೆಲ್ಲಾ ಬೆವರು, ರವಿಕೆ ಒದ್ದೆ. "ಅಪ್ಪನ್ನ ಕರೀಲಾ?" ಅಂದೆ. "ಬೇಡ, ಇದು ವಾಯು, ಹೋಗುತ್ತೆ. ಒಂಬತ್ತಾಗ್ಲಿ" ಅಂದಳು. ಪಕ್ಕದ ಮನೆಗೆ ಹೋಗ್ತೀನಿ ಅಂದೆ. ಕೈ ಬಿಡಲಿಲ್ಲ. ಡಾಕ್ಟರ ಮನೆ ಮೂರು ಬೀದಿ ಆಚೆ ಇತ್ತು.

ಏಳೂವರೆ ಹೊತ್ತಿಗೆ ಅವಳ ತುಟಿಯ ಬಣ್ಣ ಬೇರೆಯಾಯಿತು. ನನಗೆ ಹೆದರಿಕೆಯಾಯಿತು. ಅವಳು ಕಣ್ಣು ಮುಚ್ಚಿದ್ದಾಗ ಕೈ ಬಿಡಿಸಿಕೊಂಡು ನಿಮ್ಮ ಕೋಣೆಯವರೆಗೆ ಬಂದೆ. ಬಾಗಿಲ ಮುಂದೆ ನಿಂತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಕೈ ಎತ್ತಬೇಕಿತ್ತು, ಎತ್ತಲಿಲ್ಲ. ಒಳಗಿನ ಜನ ಎದ್ದು ಹೋಗಿಬಿಡ್ತಾರೆ ಅಂತ. ವಾಪಸ್ ಹೋಗಿ ಅಮ್ಮನ ಪಕ್ಕ ಕೂತೆ. ಅವಳು ಕಣ್ಣು ಬಿಟ್ಟು "ಎಲ್ಲಿಗ್ಹೋಗಿದ್ದೆ?" ಅಂದಳು. "ಅಪ್ಪನಿಗೆ ಹೇಳ್ದೆ. ಆಮೇಲೆ ಬರ್ತಾರಂತೆ" ಅಂದೆ. ಸುಳ್ಳು ಹೇಳಿದೆ ಅಪ್ಪ. ನನ್ನ ಜೀವನದ ಮೊದಲ ದೊಡ್ಡ ಸುಳ್ಳು. ಅವಳು ಅದನ್ನ ನಂಬಿದಳು.

ಹೋದದ್ದು ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ.

ಆಮೇಲೆ ನೀವು ಬಂದಿರಿ, ಕೈಯಲ್ಲಿ ಹಾಳೆ ಹಿಡಿದುಕೊಂಡು. ಮುಖದಲ್ಲಿ ನಗು ಇತ್ತು. ಡಾಕ್ಟರು ಬಂದು ಹೃದಯ ಅಂದರು. ಯಾವಾಗಿನಿಂದ ಅಂತ ಯಾರೂ ನನ್ನ ಕೇಳಲಿಲ್ಲ. ನಮ್ಮ ವಾರ್ಡಿನಲ್ಲಿ ಎದೆನೋವು ಅಂತ ಯಾರನ್ನಾದರೂ ಕರೆತಂದರೆ ನಾವು ಮೊದಲು ಕೇಳುವುದು ಅದನ್ನೇ. ಹದಿನಾರು ವರ್ಷದಿಂದ ದಿನಾ ಕೇಳುತ್ತಿದ್ದೇನೆ, "ನೋವು ಶುರುವಾಗಿ ಎಷ್ಟು ಹೊತ್ತಾಯ್ತು?" ಪ್ರತಿ ಸಲವೂ ಒಳಗೊಳಗೇ ನಾನೇ ಉತ್ತರ ಹೇಳಿಕೊಳ್ಳುತ್ತೇನೆ. ಎರಡು ಗಂಟೆ ಇಪ್ಪತ್ತು ನಿಮಿಷ.

ಆ ಕಾಲದಲ್ಲಿ ಕರೆದುಕೊಂಡು ಹೋಗಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ. ಇರಲಿಕ್ಕಿಲ್ಲ. ನರ್ಸಾಗಿ ಅಷ್ಟು ಹೇಳಬಲ್ಲೆ. ಮಗಳಾಗಿ ನಾನು ಹೇಳಬಹುದಾದದ್ದು ಒಂದೇ, ನಾನು ಬಾಗಿಲು ಬಡಿಯಲಿಲ್ಲ.

ಇದನ್ನು ನಿಮ್ಮ ಭಾಷಣದಲ್ಲಿ ಎಲ್ಲಿ ಸೇರಿಸುತ್ತೀರೋ ಸೇರಿಸಿ.


೧೪ ಏಪ್ರಿಲ್ ೧೯೯೬

ಮಗಳೇ,

ನೀನು ಸುಳ್ಳು ಹೇಳಲಿಲ್ಲ.

ಇದನ್ನು ಬರೆಯಲು ಒಂಬತ್ತು ದಿನ ಬೇಕಾಯಿತು. ದಿನವೂ ಕೂತೆ, ದಿನವೂ ಹರಿದೆ. ಬರೆಯುವುದು ಗೊತ್ತಿದೆ ಅಂದುಕೊಂಡಿದ್ದೆ.

ನೀನು ಬಾಗಿಲು ಬಡಿದೆ. ಒಂದೇ ಸಲ, ಬೆರಳ ಗೆಣ್ಣಿನಲ್ಲಿ, ಮೆಲ್ಲಗೆ. "ಅಪ್ಪಾ, ಅಮ್ಮಂಗೆ" ಅಂದೆ. ಅಷ್ಟೇ ಅಂದು ನಿಲ್ಲಿಸಿದೆ. ನಾನು "ಆಮೇಲೆ" ಅಂದೆ. ನೀನು ಹೋಗಲಿಲ್ಲ. ನಿನ್ನ ಉಸಿರು ಕೇಳುತ್ತಿತ್ತು. "ಆಮೇಲೆ ಬರ್ತೀನಿ, ಹೋಗು" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ನೀನು ಹೋದೆ. ನೀನು ಅಮ್ಮನಿಗೆ ಹೇಳಿದ್ದು ನಾನು ಆಡಿದ ಮಾತನ್ನೇ. ಹೇಗೆ ಅದು ನಿನ್ನ ಮನಸ್ಸಿನಲ್ಲಿ ಸುಳ್ಳಾಗಿ ಕೂತಿತೋ ನನಗೆ ತಿಳಿಯದು. ಒಳಗಿದ್ದವನು ಮರೆಯಲಿಲ್ಲ.

ನನ್ನ ಮಾತನ್ನು ನೀನು ನಂಬಬೇಕಾಗಿಲ್ಲ. ಕಥೆ ಕಟ್ಟುವುದೇ ನನ್ನ ಕಸುಬು. ಅದಕ್ಕೇ ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಬರೆಯಲು ಕೂತ ಪ್ರತಿ ದಿನಕ್ಕೂ ನಾನು ಒಂದು ಸಾಲು ಬರೆದಿಡುತ್ತಿದ್ದೆ, ಕೂತ ಹೊತ್ತು, ಎದ್ದ ಹೊತ್ತು, ಎಷ್ಟು ಪುಟ, ಏನೇನು ಅಡ್ಡಿ. ಇದು ಆ ವರ್ಷದ ನೋಟ್‌ಬುಕ್ಕಿನಿಂದ ಕಿತ್ತದ್ದು. ಕೆಳಗಿನಿಂದ ನಾಲ್ಕನೇ ಸಾಲು ನೋಡು. "ಜೂನ್ ೯. ಆರಂಭ ೫.೦೫. ಮುಕ್ತಾಯ ೮.೫೫. ಪುಟ ಆರು. ಮುಗಿಯಿತು. ಅಡ್ಡಿ ಒಂದು, ೭.೪೦, ಮಗು." ಇದನ್ನು ಬರೆದಿಟ್ಟು ಆಮೇಲೆ ಕೋಣೆಯಿಂದ ಹೊರಗೆ ಬಂದೆ.

ಅಂದು ಅಡಿಗೆಮನೆಯಲ್ಲಿ ಅವಳನ್ನು ನೋಡಿದ ಕೂಡಲೇ, ನೀನು ಬಾಗಿಲಿಗೆ ಬಂದದ್ದು ಇದಕ್ಕೇ ಅಂತ ನನಗೆ ಅರ್ಥವಾಯಿತು. ಅಷ್ಟರಲ್ಲಿ ಜನ ಸೇರಿದರು. ಗುಂಪಿನಲ್ಲಿ ಯಾರೋ "ಪಾಪ, ಕಣ್ಣು ಮುಚ್ಚಿ ತೆಗೆಯೋಷ್ಟರಲ್ಲಿ ಹೋಗಿರ್ಬೇಕು" ಅಂದರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಹೋದದ್ದು ಒಂದು ಕ್ಷಣದಲ್ಲಿ ಆದರೆ, ನನ್ನ "ಆಮೇಲೆ" ಯಾರನ್ನೂ ಕೊಂದಿಲ್ಲ. ನೀನು ಬಂದದ್ದು ಇನ್ನೇನಕ್ಕೋ, ತಿಂಡಿಗೋ, ಶಾಲೆಗೋ. ಇಪ್ಪತ್ತೊಂಬತ್ತು ವರ್ಷ ಆ ಒಂದು ಕ್ಷಣದ ಮೇಲೆ ನಿಂತು ಬದುಕಿದೆ. ನಿನ್ನನ್ನು ಕೇಳಲಿಲ್ಲ, ಕೇಳಿದರೆ ನೀನು ಹೇಳಿಬಿಡುತ್ತೀಯ ಅಂತ.

ತಿಂಗಳೊಳಗೆ ನಿನ್ನನ್ನು ಅತ್ತೆಯ ಮನೆಗೆ ಕಳಿಸಿದೆ. ಹೆಣ್ಣುಮಗುವಿಗೆ ಹೆಂಗಸರ ಆಸರೆ ಬೇಕು ಅಂತ ಎಲ್ಲರಿಗೂ ಹೇಳಿದೆ. ನಿಜ ಅದಲ್ಲ. ಮನೆಯಲ್ಲಿ ನಿನ್ನ ಹೆಜ್ಜೆ ಕೇಳಿದರೆ ನನಗೆ ಪೆನ್ನು ಓಡುತ್ತಿರಲಿಲ್ಲ.

ಫೆಬ್ರವರಿಯಲ್ಲಿ ನಿನಗೆ ಪತ್ರ ಬರೆದದ್ದೂ ಭಾಷಣಕ್ಕಲ್ಲ. ವಯಸ್ಸಾಯಿತು. ನಿನ್ನ ಕೈಯಿಂದಲೇ, ನಿನ್ನ ಅಕ್ಷರದಲ್ಲೇ, "ಸರಿ" ಅಂತ ಬರೆಸಿಕೊಂಡು ಹೋಗೋಣ ಅಂತ. ಅಮ್ಮನ ನೆನಪಿಗೆ ಅಂತ ಬರೆದಿದ್ದೆ, ಅದೂ ಸುಳ್ಳು.

ನೀನು ಬಾಗಿಲು ಬಡಿದೆ. ಹತ್ತು ವರ್ಷದ ಮಗು ಏನು ಮಾಡಬೇಕಿತ್ತೋ ಅದನ್ನು ಮಾಡಿದೆ. ಇನ್ನು ಮೇಲೆ ವಾರ್ಡಿನಲ್ಲಿ ಆ ಪ್ರಶ್ನೆ ಕೇಳುವಾಗ ನಿನ್ನ ಉತ್ತರ ಬದಲಾಯಿಸಿಕೋ. ಒಂದು ಗಂಟೆ ಹತ್ತು ನಿಮಿಷಕ್ಕೆ ನೀನು ಬಂದು ಹೇಳಿದೆ, ಆಮೇಲಿನದು ನನ್ನ ಲೆಕ್ಕ.

ನಿನ್ನಪ್ಪ


೫ ಮೇ ೧೯೯೬

ಅಪ್ಪ,

ನಿಮ್ಮ ಹಾಳೆ ಬಂತು. ಮೊದಲು ನಂಬಲಿಲ್ಲ. ನನ್ನನ್ನು ಸಮಾಧಾನ ಮಾಡಲು ಈಗ ಕೂತು ಬರೆದದ್ದು ಅಂದುಕೊಂಡೆ. ಕಿಟಕಿ ಹತ್ತಿರ ಹಿಡಿದು ನೋಡಿದೆ. ಶಾಯಿ ಕಂದಾಗಿದೆ, ಕಾಗದ ಅಂಚಿನಲ್ಲಿ ಪುಡಿ ಉದುರುತ್ತದೆ, ಕೈ ನಡುಗಿಲ್ಲ. ಆಗಿನದೇ. ಮೇಲಿನ ಸಾಲುಗಳನ್ನೂ ಓದಿದೆ. ಮೇ ಇಪ್ಪತ್ತೆಂಟು, ಅಡ್ಡಿ ಒಂದು, ಮಗುವಿನ ಕೆಮ್ಮು. ಜೂನ್ ಎರಡು, ಅಡ್ಡಿ ಎರಡು, ಪಾತ್ರೆ, ಮಗು. ನಿಮ್ಮ ಪುಸ್ತಕಗಳಲ್ಲಿ ಎಲ್ಲೂ ನಾನಿಲ್ಲ ಅಂತ ಚಿಕ್ಕವಳಿದ್ದಾಗ ಅಳುತ್ತಿದ್ದೆ. ಇದರಲ್ಲಿ ಇದ್ದೇನೆ.

ನನ್ನ ಗಂಡ "ಈಗಲಾದ್ರೂ ನಿನ್ನ ಎದೆ ಮೇಲಿನ ಕಲ್ಲು ಇಳೀತಲ್ಲ" ಅಂದರು. ಒಳ್ಳೇ ಮನುಷ್ಯ, ಒಳ್ಳೆಯದಕ್ಕೇ ಅಂದದ್ದು. ಇಳಿಯಿತೋ ಏನೋ. ಇಳಿದ ಜಾಗದಲ್ಲಿ ಏನಿದೆ ಅಂತ ನೋಡಲು ನನಗೆ ಧೈರ್ಯ ಬರುತ್ತಿಲ್ಲ. ಇಷ್ಟು ವರ್ಷ ನನ್ನ ಮೇಲೆ ನನಗೆ ಸಿಟ್ಟಿತ್ತು. ಅದು ರೂಢಿಯಾಗಿತ್ತು. ನಿಮ್ಮ ಮೇಲೆ ಇದ್ದದ್ದು ಬೇಸರ ಮಾತ್ರ. ಗೊತ್ತಿಲ್ಲದವರ ಮೇಲೆ ಎಷ್ಟು ಸಿಟ್ಟು ಮಾಡಲು ಆಗುತ್ತೆ? ನಿಮಗೆ ಗೊತ್ತಿತ್ತು.

ನಾನು ಬಾಗಿಲು ಬಡಿಯಲಿಲ್ಲ ಅಂದುಕೊಂಡಿದ್ದೇನೆ ಅಂತ ನಿಮಗೆ ಗೊತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಒಂದು ಸಲ ಕೇಳಿದ್ದರೆ ಗೊತ್ತಾಗುತ್ತಿತ್ತು. ಅತ್ತೆಯ ಮನೆಗೆ ವರ್ಷಕ್ಕೆರಡು ಸಲ ಬರುತ್ತಿದ್ದಿರಿ. ಹೊಸ ಬಟ್ಟೆ ತರುತ್ತಿದ್ದಿರಿ. ನನ್ನ ಮಾರ್ಕ್ಸ್ ಕಾರ್ಡ್ ನೋಡುತ್ತಿದ್ದಿರಿ. ಸಂಜೆ ಬಸ್ಸಿಗೇ ಹೊರಡುತ್ತಿದ್ದಿರಿ, ಮಾರನೇ ದಿನ ಐದಕ್ಕೆ ಕೂರಬೇಕು ಅಂತ. ಒಂದು ರಾತ್ರಿ ಉಳಿಯಲಿಲ್ಲ.

ನೀವು ಹೇಳಬೇಕಾಗಿರಲಿಲ್ಲ, ಆದರೂ ಹೇಳಿದಿರಿ. ಅದು ಸಣ್ಣದಲ್ಲ ಅಂತ ಗೊತ್ತಿದೆ. ಅದಕ್ಕೆ ಏನು ಅನ್ನಬೇಕೋ ಅದು ನನ್ನ ಬಾಯಲ್ಲಿ ಬರುತ್ತಿಲ್ಲ. ಸ್ವಲ್ಪ ದಿನ ನನಗೆ ಬರೆಯಬೇಡಿ.


೨೬ ಮೇ ೧೯೯೬

ಮಗಳೇ,

ಬರೆಯಬೇಡಿ ಅಂತ ನೀನು ಅಂದಿದ್ದೆ. ಮೂರು ವಾರ ತಡೆದೆ. ಈ ಒಂದು ಕಾಗದ ಕ್ಷಮಿಸು, ಇನ್ನು ನೀನಾಗಿ ಬರೆಯುವವರೆಗೆ ಬರೆಯುವುದಿಲ್ಲ.

ಶಿಬಿರಕ್ಕೆ ಹೋಗಲಿಲ್ಲ. ಆ ಹುಡುಗಿ ಮನೆಗೇ ಬಂದಳು. "ಆರೋಗ್ಯ ಸರಿಯಿಲ್ವಾ ಸರ್?" ಅಂದಳು. "ಆರೋಗ್ಯ ಸರಿಯಿದೆ, ಹೇಳೋಕೆ ಏನೂ ಇಲ್ಲ" ಅಂದೆ. "ಹತ್ತು ನಿಮಿಷ ಬಂದು ಕೂತ್ಕೊಳ್ಳಿ ಸಾಕು, ನಿಮ್ಮನ್ನ ನೋಡಿದ್ರೇ ನಮಗೆ ಸ್ಫೂರ್ತಿ" ಅಂದಳು. ಬಾಗಿಲವರೆಗೂ ಕಳಿಸಿಕೊಟ್ಟು ಬಂದೆ. ಅವಳಿಗೆ ಏನೂ ಅರ್ಥವಾಗಲಿಲ್ಲ, ಪಾಪ.

ಬರೆಯುವುದನ್ನು ನಿಲ್ಲಿಸಿದ್ದೇನೆ. ಇದನ್ನು ಪ್ರಾಯಶ್ಚಿತ್ತ ಅಂತ ತಿಳಿಯಬೇಡ, ಪದಗಳು ಬರುತ್ತಿಲ್ಲ ಅಷ್ಟೇ. ಆದರೆ ಮೈ ಕೇಳಬೇಕಲ್ಲ. ಐದಕ್ಕೆ ಮೊದಲು ತಾನಾಗಿಯೇ ಎದ್ದು ಮೇಜಿನ ಹತ್ತಿರ ಹೋಗಿ ನಿಲ್ಲುತ್ತದೆ. ಅದನ್ನು ಬೇರೆಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ನನಗೆ ಗೊತ್ತಿಲ್ಲ. ಒಂಬತ್ತರವರೆಗೂ ಅಲ್ಲೇ ಕೂತಿರುತ್ತೇನೆ.

ಕೂತಾಗ ಒಂದೇ ಯೋಚನೆ. ಎರಡು ಗಂಟೆ ಇಪ್ಪತ್ತು ನಿಮಿಷ ಅಂದೆಯಲ್ಲ. ಅಷ್ಟು ಹೊತ್ತು ನೀವಿಬ್ಬರೂ ಸುಮ್ಮನೆ ಇದ್ದಿರಲಿಕ್ಕಿಲ್ಲ. ಅವಳು ಏನು ಮಾತಾಡಿದಳು? ಹನ್ನೆರಡು ವರ್ಷ ನನ್ನ ಜೊತೆ ಸಂಸಾರ ಮಾಡಿದವಳ ಕೊನೆಯ ಮಾತು ನನಗೆ ಗೊತ್ತಿಲ್ಲ.

ಹೇಳಲೇಬೇಕೆಂದಿಲ್ಲ. ಕೇಳುವ ಹಕ್ಕೂ ನನಗಿಲ್ಲ. ಆದರೂ ಈ ಸಲ ಕೇಳಿದ್ದೇನೆ.

ನಿನ್ನಪ್ಪ


೯ ಜೂನ್ ೧೯೯೬

ಅಪ್ಪನಿಗೆ,

ಇವತ್ತು ರಜೆ ಹಾಕಿದ್ದೇನೆ. ಪ್ರತಿ ವರ್ಷ ಈ ದಿನ ರಜೆ ಹಾಕಿ ಏನೂ ಮಾಡದೆ ಕೂತಿರುತ್ತಿದ್ದೆ. ಈ ವರ್ಷ ನಿಮಗೆ ಬರೆಯುತ್ತಿದ್ದೇನೆ.

ಮೊಮ್ಮಗಳು ಅಜ್ಜನನ್ನ ನೋಡಬೇಕು ಅನ್ನುತ್ತಾಳೆ. ನಾನಿನ್ನೂ ಹಾಗೆ ಅನ್ನುತ್ತಿಲ್ಲ. 

ಅಮ್ಮ ಮಾತಾಡಿದ್ದು ಕೇಳಿದಿರಿ. ದೊಡ್ಡ ಮಾತು ಏನೂ ಇಲ್ಲ, ಕಾಯಬೇಡಿ.

ಮೊದಲು ಹಾಲಿನ ಪಾತ್ರೆಗೆ ತಟ್ಟೆ ಮುಚ್ಚು ಅಂದಳು. ನನ್ನ ಜಡೆ ಅರ್ಧ ಹೆಣೆದಿದ್ದಳು, ಅದಕ್ಕೆ "ಇತ್ತ ತಿರುಗು, ಮುಗಿಸ್ತೀನಿ" ಅಂದು ಮಲಗಿಕೊಂಡೇ ಒಂದು ಕೈಯಲ್ಲಿ ಪ್ರಯತ್ನ ಮಾಡಿದಳು. ಆಗಲಿಲ್ಲ. "ಇವತ್ತು ಒಂದೇ ಜಡೆ ಹಾಕ್ಕೊಂಡು ಹೋಗು, ಹೊಸ ಫ್ಯಾಶನ್ ಅಂತ ಹೇಳು" ಅಂದು ನಕ್ಕಳು. ನಗುವಾಗ ನೋವಾಗಿ ನಿಲ್ಲಿಸಿದಳು. ಮಗ್ಗಿ ಹೇಳು ಅಂದಳು. ಪಿಸುಮಾತಿನಲ್ಲಿ ಹದಿಮೂರರ ಮಗ್ಗಿ ಹೇಳಿದೆ. ಹದಿಮೂರೇಳಲಿಗೆ ತಪ್ಪಿದೆ. ತಿದ್ದಿದಳು.

ನಾನು ನಿಮ್ಮ ಕೋಣೆಯಿಂದ ವಾಪಸ್ ಬಂದ ಮೇಲೆ ಅವಳು ಪುಸ್ತಕದ ಬಗ್ಗೆ ಮಾತಾಡಿದಳು. ದಿನಾ ಒಂಬತ್ತಕ್ಕೆ ನೀವು ಬರೆದದ್ದನ್ನು ಅವಳಿಗೆ ಓದಿ ಹೇಳುತ್ತಿದ್ದಿರಲ್ಲ, ಅವಳು ತಿಂಡಿ ಬಡಿಸುತ್ತಾ ಕೇಳುತ್ತಿದ್ದಳಲ್ಲ. ಕೊನೆ ಏನಾಗುತ್ತೆ ಅಂತ ಮಾತ್ರ ನೀವು ಬಾಯಿ ಬಿಟ್ಟಿರಲಿಲ್ಲ. ಕಥೆಯಲ್ಲಿ ಮನೆ ಬಿಟ್ಟು ಬಂದ ಆ ದೋಣಿಯವಳು ವಾಪಸ್ ಹೋಗ್ತಾಳೋ ಇಲ್ವೋ ಅಂತ ಅಮ್ಮನಿಗೆ ವಾರದಿಂದ ಅದೇ ಯೋಚನೆಯಂತೆ. "ಇವತ್ತು ಗೊತ್ತಾಗುತ್ತೆ ಕಣೆ" ಅಂದಳು. "ನಿನಗೇನನ್ಸುತ್ತೆ?" ಅಂತ ನನ್ನ ಕೇಳಿದಳು. "ಹೋಗ್ತಾಳೆ" ಅಂದೆ. "ಊಹೂಂ, ಅವಳು ಹೋಗೋಳಲ್ಲ. ನಿಮ್ಮಪ್ಪ ಕಳಿಸ್ಬೇಕು ಅಂತ ನೋಡ್ತಾರೆ, ಅವಳು ಕೇಳಲ್ಲ ನೋಡು" ಅಂದಳು.

ತುಂಬಾ ವರ್ಷ ನಾನು ಅಂದುಕೊಂಡಿದ್ದೆ, ಅಮ್ಮ ನಿಮಗೆ ಹೆದರಿ ನನ್ನನ್ನು ತಡೆದಳು ಅಂತ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಅವಳು ಹೆದರಿರಲಿಲ್ಲ ಅಪ್ಪ. ಅವಳಿಗೆ ಆ ಕಥೆ ಬೇಕಾಗಿತ್ತು. ನೀವು ಬರೆಯುವುದಕ್ಕೆ ಕೂತ ಹಾಗೆ ಅವಳು ಅದನ್ನು ಕೇಳುವುದಕ್ಕೆ ಕೂತಿದ್ದಳು, ದಿನಾ, ಐದರಿಂದ ಒಂಬತ್ತು. ಇದನ್ನು ನಿಮಗೆ ಸಮಾಧಾನವಾಗಲಿ ಅಂತ ಹೇಳುತ್ತಿಲ್ಲ. ಸಮಾಧಾನ ಆಗಲಿಕ್ಕಿಲ್ಲ, ನನಗೂ ಆಗಿಲ್ಲ. ಇದ್ದದ್ದು ಹಾಗೆ.

ಹೋದ ವಾರ ಲೈಬ್ರರಿಯಿಂದ ಪುಸ್ತಕ ತಂದು ಕೊನೇ ಅಧ್ಯಾಯ ಓದಿದೆ. ಮೊದಲ ಸಲ. ದೋಣಿಯವಳು ಹೋಗುವುದಿಲ್ಲ. ಅಮ್ಮ ಹೇಳಿದ್ದೇ ಸರಿ.

ಆಮೇಲೆ ಸ್ವಲ್ಪ ಹೊತ್ತು ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಮತ್ತೆ ಬಿಟ್ಟು ಗಂಟೆ ಎಷ್ಟು ಅಂತ ಕೇಳಿದಳು. ಎಂಟೂವರೆ ಅಂದೆ.

"ಇನ್ನೇನು, ಅರ್ಧ ಗಂಟೆ ತಾನೇ" ಅಂದಳು.

ಅದೇ ಕೊನೆಯ ಮಾತು.

ನಿಮ್ಮ ಮಗಳು